ಸಿಕ್ಕಿದ್ದು ಹೆಬ್ಬಾವಿನ ಮರಿಯೋ, ಕೊಳಕುಮಂಡಲವೋ?

ಪ್ರಶ್ನೆ: ನಮ್ಮ ತೋಟದಲ್ಲಿ ಎರಡಡಿ ಉದ್ದದ, ಕಂದು ಮಚ್ಚೆಯ ದಪ್ಪ ಹಾವು ಸಿಕ್ಕಿತ್ತು. ಹೆಬ್ಬಾವಿನ ಮರಿ ಅಂತ ಮನೆಯವರು ಬರಿಗೈಯಲ್ಲೇ ಹಿಡಿದು ಕಾಡಿಗೆ ಬಿಟ್ಟರು. ಅದು ಕೊಳಕುಮಂಡಲ ಇರಬಹುದಾ?

ಉತ್ತರ: ಇರಬಹುದು. ಪ್ರಶ್ನೆ ಓದಿದಾಗ ನಿಜವಾಗಿಯೂ ಎದೆ ಝಲ್ಲೆಂದಿತು. ಹೆಬ್ಬಾವು ಅಂದುಕೊಂಡು ಕೊಳಕುಮಂಡಲಕ್ಕೆ ಕೈ ಹಾಕುವುದು ನಮ್ಮಲ್ಲಿ ಅಪರೂಪವೇನಲ್ಲ.

ಮೊದಲು ಮಚ್ಚೆಗಳನ್ನು ನೋಡಿ. ಕೊಳಕುಮಂಡಲಕ್ಕೆ ಉದ್ದಕ್ಕೂ ಮೂರು ಸಾಲು. ಬೆನ್ನಿನ ನಡುವೆ ಒಂದು, ಎರಡು ಪಕ್ಕೆಗೆ ಒಂದೊಂದು. ಪ್ರತಿ ಮಚ್ಚೆಯೂ ಕಂದು, ಸುತ್ತ ಕಪ್ಪು ಗೆರೆ, ಅದರಾಚೆ ತೆಳು ಬಿಳಿ ಅಂಚು. ಸರಕ್ಕೆ ಪೋಣಿಸಿದ ಹಾಗೆ ಸಾಲಾಗಿ ಕೂತಿರುತ್ತವೆ. ಹೆಬ್ಬಾವಿನದು ಹಾಗಲ್ಲ. ಬಟ್ಟೆ ಮೇಲೆ ಕಾಫಿ ಚೆಲ್ಲಿದ ಹಾಗೆ ಒಂದು ದೊಡ್ಡದು, ಒಂದು ಸಣ್ಣದು, ಆಕಾರಕ್ಕೆ ಲೆಕ್ಕವಿಲ್ಲ. ಅದರ ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ತಲೆ ಮೇಲೆ ಬಾಣದ ಗುರುತಿರುತ್ತದೆ. ಕೊಳಕುಮಂಡಲದ ಬೆನ್ನಿನ ಒಂದೊಂದು ಹುರುಪೆಯ ಮೇಲೂ ನಟ್ಟನಡುವೆ ಸಣ್ಣ ಏಣು. ಅದಕ್ಕೇ ಮೈ ಒರಟು, ಮಾಸಲು. ತಲೆ ತ್ರಿಕೋನ, ಕುತ್ತಿಗೆ ಸಣ್ಣ, ಬಾಲ ಮೋಟು.

ಮೇಯಿಂದ ಜುಲೈವರೆಗೆ ಈ ಗೊಂದಲ ಜಾಸ್ತಿ. ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಒಂದು ಸಲಕ್ಕೆ 20ರಿಂದ 40 ಮರಿ ಸಾಮಾನ್ಯ. ಹುಟ್ಟಿದ ಮರಿ ಒಂದು ಗೇಣಿನಷ್ಟು, ಆದರೆ ಹುಟ್ಟುವಾಗಲೇ ವಿಷ ಇರುತ್ತದೆ. ಹೆಬ್ಬಾವಿನ ಮರಿ ಮೊಟ್ಟೆಯಿಂದ ಬರುವಾಗಲೇ ಹೆಚ್ಚುಕಡಿಮೆ ಒಂದು ಮೊಳ ಇರುತ್ತದೆ. ಹಾಗಾಗಿ ಗೇಣುದ್ದದ ಹಾವನ್ನು ಹೆಬ್ಬಾವು ಅನ್ನಲೇಬೇಡಿ. ನಿಮ್ಮದು ಎರಡಡಿ, ಅಲ್ವಾ? ಅಲ್ಲಿ ಉದ್ದ ನೋಡಿ ಹೇಳಲಾಗುವುದಿಲ್ಲ, ಮಚ್ಚೆಯೇ ಗತಿ.

ಕೊಳಕುಮಂಡಲದ ಇನ್ನೊಂದು ಗುರುತು ಸದ್ದು. ಒಮ್ಮೆ ಅಡಿಕೆ ಸೋಗೆ ಎತ್ತುವಾಗ ಪಕ್ಕದಲ್ಲೇ ಕುಕ್ಕರ್ ಕೂಗಿದಂತಾಗಿ ಅಲ್ಲೇ ನಿಂತುಬಿಟ್ಟೆ. ಒಣಗಿದ ಸೋಗೆಯ ಬಣ್ಣಕ್ಕೆ ಬೆರೆತು ಹಾವು ಕಾಣಲೇ ಇಲ್ಲ. ಆಮೇಲೆ ಒಂದು ಕಡೆ ಎಲೆ ಮೇಲೆ ಕೆಳಗೆ ಆಡುವುದು ಕಂಡಿತು. ಉಸಿರು ಎಳೆದಾಗ ಮೈ ಉಬ್ಬುತ್ತಿತ್ತು, ಬಿಟ್ಟಾಗ ಆ ಸದ್ದು. ನಾನು ಹಿಂದೆ ಸರಿದೆ, ಅದು ಜಾಗ ಬಿಟ್ಟು ಕದಲಲಿಲ್ಲ.

ಮೋಸ ಹೋಗುವುದೇ ಇಲ್ಲಿ. ಇದು ಇಲಿ ಹುಡುಕಿ ರಾತ್ರಿ ಓಡಾಡುವ ಹಾವು. ಹಗಲಲ್ಲಿ ಸುಮ್ನೆ ಸುರುಳಿ ಸುತ್ತಿ ಬಿದ್ದಿರುತ್ತದೆ. ಕೆಲವೊಮ್ಮೆ ಸದ್ದೂ ಮಾಡುವುದಿಲ್ಲ. ಸೋಮಾರಿ, ಪಾಪದ್ದು ಅನ್ನಿಸುತ್ತದೆ. ಕೆಣಕಿದರೆ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಎಗರುತ್ತದೆ. ಕುತ್ತಿಗೆ ಹಿಡಿದಿದ್ದೇನೆ ಅನ್ನುವ ಧೈರ್ಯವೂ ಬೇಡ. ಇದರ ಹಲ್ಲು ಅಷ್ಟು ಉದ್ದ, ತಿರುಗಿ ಬೆರಳಿಗೆ ಚುಚ್ಚಬಲ್ಲದು.

ಕಚ್ಚಿದ ಜಾಗ ಉರಿದು ಊದಿಕೊಳ್ಳುತ್ತದೆ. ವಿಷದಿಂದ ರಕ್ತ ಹೆಪ್ಪುಗಟ್ಟುವುದೇ ನಿಲ್ಲುತ್ತದೆ, ವಸಡಲ್ಲಿ, ಮೂತ್ರದಲ್ಲಿ ರಕ್ತ ಕಾಣಬಹುದು, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಉಂಗುರ, ಬಳೆ ತೆಗೆದು, ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ಯಾವ ಹಾವು ಅಂತ ತೋರಿಸಲು ಅದನ್ನು ಹಿಡಿದು ತರುವುದು ಬೇಡ. ನಮ್ಮಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದು ಒಂದೇ, ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಅದೇ.