ಬೆಳ್ಳಿ ನ್ಯಾನೋಕಣದ ಗಾತ್ರ: ನಾನು ಎಡವಿದ್ದು ಘನಮೂಲದಲ್ಲಿ

ಹೋದ ವಾರ ಲ್ಯಾಬಿನಲ್ಲಿ ಬೆಳ್ಳಿ ಕಣಗಳನ್ನು ದೊಡ್ಡದು ಮಾಡಲು ಹೋಗಿ ಎರಡು ದಿನ ಹಾಳು ಮಾಡಿಕೊಂಡೆ. ತಪ್ಪು ಎಲ್ಲಿ ಅಂತ ಗೊತ್ತಾದ ಮೇಲೆ ನಗು ಬಂತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೂಲ ಕ್ರಿಯೆ ಗೊತ್ತಿರೋದೇ. ಸಿಲ್ವರ್ ನೈಟ್ರೇಟ್‌ನ ಬೆಳ್ಳಿ ಅಯಾನಿಗೆ ಎಲೆಕ್ಟ್ರಾನ್ ಸಿಕ್ಕರೆ ಬೆಳ್ಳಿ ಪರಮಾಣು. ಪರಮಾಣುಗಳು ಗುಂಪುಗೂಡಿದರೆ ಬೀಜ, ಬೀಜ ಬೆಳೆದರೆ ಕಣ. ಎಷ್ಟು ಬೀಜ ಹುಟ್ಟಿತು, ಇದ್ದ ಬೆಳ್ಳಿ ಎಷ್ಟು ಬೀಜಗಳಿಗೆ ಹಂಚಿಹೋಯಿತು ಅನ್ನೋದೇ ಗಾತ್ರವನ್ನು ತೀರ್ಮಾನಿಸುತ್ತದೆ.

ನನ್ನ ಮೊದಲ ಗೊಂದಲ: ಅಪಕರ್ಷಕ (ಆ ಎಲೆಕ್ಟ್ರಾನ್ ಕೊಡುವ ರಾಸಾಯನಿಕ) ಜೋರಾಗಿದ್ದರೆ ಕಣ ದೊಡ್ಡದಾಗಬೇಕಲ್ವಾ? ಉಲ್ಟಾ. ಮನೆಯಲ್ಲಿ ಬೆಣ್ಣೆ ಕಾಯಿಸಿದ್ದು ನೆನಪಿಸಿಕೊಳ್ಳಿ. ತುಪ್ಪ ತಾನಾಗಿ ನಿಧಾನಕ್ಕೆ ಆರಿದರೆ ಮರಳು ಮರಳಾಗಿ ಗಟ್ಟಿಯಾಗುತ್ತದೆ. ಬಿಸಿ ಇರುವಾಗಲೇ ಫ್ರಿಜ್‌ಗೆ ಇಟ್ಟರೆ ನುಣ್ಣಗೆ ಕೂತುಬಿಡುತ್ತದೆ. ಆತುರ ಮಾಡಿದರೆ ಒಟ್ಟಿಗೇ ಲೆಕ್ಕವಿಲ್ಲದಷ್ಟು ಬೀಜ ಹುಟ್ಟುತ್ತವೆ, ಒಂದೊಂದರ ಪಾಲಿಗೆ ಸ್ವಲ್ಪವೇ ಸಿಗುತ್ತದೆ. ಬೆಳ್ಳಿಯಲ್ಲೂ ಅಷ್ಟೇ.

ಸೋಡಿಯಂ ಬೋರೋಹೈಡ್ರೈಡ್ ಜೋರಾದ ಅಪಕರ್ಷಕ. ಮಂಜುಗಡ್ಡೆಯಲ್ಲಿಟ್ಟ 2 ಮಿಲಿಮೋಲಾರ್ (ದ್ರಾವಣ ಎಷ್ಟು ಗಾಢ ಅನ್ನೋದರ ಅಳತೆ) ಬೋರೋಹೈಡ್ರೈಡ್ 30 ಮಿಲಿ, ಅದಕ್ಕೆ 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ 10 ಮಿಲಿ, ಸೆಕೆಂಡಿಗೆ ಒಂದು ಹನಿಯಂತೆ. ಸಿಗುವುದು ಸುಮಾರು 12 ನ್ಯಾನೋಮೀಟರ್ ಕಣ, ತಿಳಿ ಹಳದಿ ಬಣ್ಣ. ಬೆಳ್ಳಿ ಹಾಕಿ ಮುಗಿದ ಕೂಡಲೇ ಕಲಕುವುದನ್ನು ನಿಲ್ಲಿಸಿ. ಸುಮ್ನೆ ಕಲಕುತ್ತಾ ಇದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಣ್ಣ ನೇರಳೆ, ಆಮೇಲೆ ಬೂದಿಗೆ ತಿರುಗುತ್ತದೆ. ಸಿಟ್ರೇಟ್ ಸೌಮ್ಯ. ಲೀ ಮತ್ತು ಮೈಸೆಲ್ ಎಂಬ ವಿಜ್ಞಾನಿಗಳ 1982ರ ವಿಧಾನದಲ್ಲಿ 500 ಮಿಲಿ ನೀರಿಗೆ 90 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿ, ಕುದಿ ಬಂದಾಗ 1% ಸಿಟ್ರೇಟ್ 10 ಮಿಲಿ ಸೇರಿಸಿ, ಒಂದು ಗಂಟೆ ಕುದಿಸುತ್ತಾರೆ. ಹಳೆ ಬೀಜ ಬೆಳೆಯುತ್ತಿರುವಾಗಲೇ ಹೊಸದು ಹುಟ್ಟುತ್ತಿರುತ್ತದೆ. ಹಾಗಾಗಿ ಕಣ ದೊಡ್ಡದೇನೋ ಹೌದು, ಆದರೆ ಸಣ್ಣದು, ದೊಡ್ಡದು, ಕಡ್ಡಿಯಂಥದ್ದು ಎಲ್ಲ ಬೆರಕೆ.

ಒಂದೇ ಗಾತ್ರದ ದೊಡ್ಡ ಕಣ ಬೇಕೆಂದರೆ ಬೀಜವನ್ನು ಮೊದಲೇ ಮಾಡಿಟ್ಟುಕೊಂಡು ಬೆಳೆಸಬೇಕು. ನಾನು ಬಿದ್ದಿದ್ದು ಇಲ್ಲೇ. ಸಿಟ್ರೇಟ್ ಜೊತೆ ಬೋರೋಹೈಡ್ರೈಡ್ ಹಾಕಿ ಮಾಡಿದ 10 ನ್ಯಾನೋಮೀಟರ್ ಬೀಜ, 10 ಮಿಲಿ ಇತ್ತು. ಅದರಲ್ಲಿ ಬೆಳ್ಳಿ 0.25 ಮಿಲಿಮೋಲಾರ್. 20 ಬೇಕಿತ್ತು. ಎರಡರಷ್ಟು ವ್ಯಾಸ, ಎರಡರಷ್ಟು ಬೆಳ್ಳಿ ಅಂತ 1 ಮಿಲಿಮೋಲಾರ್ ದ್ರಾವಣ 2.5 ಮಿಲಿ ಹಾಕಿದೆ. ದ್ರಾವಣ ಯಾವ ತರಂಗಾಂತರದ ಬೆಳಕನ್ನು ಹೆಚ್ಚು ಹೀರುತ್ತದೆ ಅಂತ ತೋರಿಸುವ ಯುವಿ-ವಿಸಿಬಲ್ ಯಂತ್ರದಲ್ಲಿ ಶಿಖರ 400 ನ್ಯಾನೋಮೀಟರ್ ಹತ್ತಿರ ಇದ್ದದ್ದು ಅಲ್ಲೇ ಕೂತಿತ್ತು. ರಾಸಾಯನಿಕ ಹಳೆಯದಿರಬೇಕು ಅಂದುಕೊಂಡು ಮರುದಿನ ಎಲ್ಲ ಹೊಸದಾಗಿ ಮಾಡಿದೆ. ಮತ್ತೆ ಅದೇ.

ಕಣ ಅಂದರೆ ಗೋಲಿ. ಗೋಲಿಗೆ ಬೇಕಾದ ಬೆಳ್ಳಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಬೆಳ್ಳಿ ಎರಡರಷ್ಟಾದರೆ ವ್ಯಾಸ 2ರ ಘನಮೂಲದಷ್ಟು, ಅಂದರೆ 1.26 ಪಟ್ಟು ಮಾತ್ರ. ನನ್ನ 10, 12.6 ಆಗಿತ್ತು! ಪ್ರಯೋಗ ಸರಿಯಾಗೇ ಇತ್ತು, ಲೆಕ್ಕ ಕೆಟ್ಟಿತ್ತು.

ಹೊಸ ವ್ಯಾಸ = ಹಳೆ ವ್ಯಾಸ × ∛(ಒಟ್ಟು ಬೆಳ್ಳಿ ÷ ಬೀಜದ ಬೆಳ್ಳಿ)

'ಒಟ್ಟು' ಅನ್ನೋ ಪದಕ್ಕೆ ಗೆರೆ ಎಳೆದುಕೊಳ್ಳಿ, ಅಲ್ಲೂ ನಾನು ಒಮ್ಮೆ ತಪ್ಪಿದೆ. 20ಕ್ಕೆ ಒಟ್ಟು 8 ಪಾಲು ಬೇಕು. ಒಂದು ಪಾಲು ಬೀಜದಲ್ಲೇ ಇದೆ, ಹೊಸದಾಗಿ ಹಾಕಬೇಕಾದ್ದು 7. 30ಕ್ಕೆ 27ರಲ್ಲಿ ಒಂದು ಕಳೆದು 26. 50ಕ್ಕೆ 124! ಅಷ್ಟು ಬೆಳ್ಳಿ ಸುರಿಯುವ ಬದಲು ಬೀಜವನ್ನೇ ಕಡಿಮೆ ಮಾಡುವುದು ನನಗೀಗ ಇಷ್ಟದ ದಾರಿ. ಮೇಲಿನ ಬೀಜ 1 ಮಿಲಿ ಮಾತ್ರ ತಗೊಳ್ಳಿ. ಅದೇ 1 ಮಿಲಿಮೋಲಾರ್ ದ್ರಾವಣ 1.75 ಮಿಲಿ ಹಾಕಿದರೆ 20, 6.5 ಮಿಲಿ ಹಾಕಿದರೆ 30.

ಈ ಲೆಕ್ಕ ನಿಲ್ಲುವುದು ಹೊಸ ಬೀಜ ಹುಟ್ಟದಿದ್ದರೆ ಮಾತ್ರ. ಅದಕ್ಕೇ ಈ ಹಂತದಲ್ಲಿ ಆಸ್ಕಾರ್ಬಿಕ್ ಆಮ್ಲದಂಥ ಸೌಮ್ಯ ಅಪಕರ್ಷಕ, ಬೆಳ್ಳಿ ಹನಿಹನಿಯಾಗಿ. ಬೀಜದ ದ್ರಾವಣವನ್ನೂ ಒಂದೆರಡು ಗಂಟೆ ಬಿಟ್ಟು ಬಳಸಿ. ಉಳಿದಿರುವ ಬೋರೋಹೈಡ್ರೈಡ್ ನೀರಿನ ಜೊತೆ ವರ್ತಿಸಿ ಖಾಲಿಯಾಗಲಿ.

ನಲ್ಲಿ ನೀರು ಬೇಡ. ಅದರ ಕ್ಲೋರೈಡ್ ಸಿಕ್ಕರೆ ಬೆಳ್ಳಿ ಬಿಳಿ ಮೋಡದಂತೆ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಗಾಜಿನ ಸಾಮಾನನ್ನು ನೈಟ್ರಿಕ್ ಆಮ್ಲದಲ್ಲಿ ತೊಳೆಯಿರಿ, ಗ್ಲೌಸ್ ಹಾಕಿಕೊಳ್ಳಿ. ಮೈಸೂರಿನಲ್ಲಿ ತಯಾರಾಗುವ ಚುನಾವಣಾ ಶಾಯಿಯಲ್ಲಿರುವುದೂ ಇದೇ ಸಿಲ್ವರ್ ನೈಟ್ರೇಟ್. ನಾನು ಮತ ಹಾಕಿ ಬಂದವನಂತೆ ಮೂರು ಬೆರಳು ಕಪ್ಪು ಮಾಡಿಕೊಂಡು ಓಡಾಡುತ್ತಿದ್ದೇನೆ.

ಇನ್ನೊಂದು. ಇಷ್ಟು ಸಣ್ಣ ಕಣಗಳಲ್ಲಿ ಶಿಖರ ಜಾಸ್ತಿ ಸರಿಯುವುದಿಲ್ಲ. 10ರಿಂದ 20ಕ್ಕೆ ಹೋದರೂ ಕೆಲವೇ ನ್ಯಾನೋಮೀಟರ್ ಅಷ್ಟೇ. ಗಾತ್ರ ನಿಜಕ್ಕೂ ಎಷ್ಟು ಅಂತ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ನನ್ನ 1.75 ಮಿಲಿ ಸ್ಯಾಂಪಲ್‌ಗೆ ಗುರುವಾರದ ಸ್ಲಾಟ್ ಸಿಕ್ಕಿದೆ.