ಇಪ್ಪತ್ನಾಲ್ಕು ಸ್ಕ್ರೂಗೆ ಎಷ್ಟು ದೊಡ್ಡ ಮಷೀನು ಬೇಕು?

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮದು ಬಾಡಿಗೆ ಮನೆ. ಅದರ ಹಿಂಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಜೋಲುತ್ತದೆ. ಹೋದ ವರ್ಷ ನೆಲಕ್ಕೇ ಉಜ್ಜತೊಡಗಿತು. ಬಿಚ್ಚಿ, ಬಿಜಾಗ್ರಿ ಸರಿ ಮಾಡಿ, ಮತ್ತೆ ಕೂರಿಸೋಣ ಅಂತ ಕೂತೆ. ಮೂರು ಬಿಜಾಗ್ರಿ, ಒಂದೊಂದಕ್ಕೆ ಎಂಟು ಸ್ಕ್ರೂ, ಒಟ್ಟು 24. ಇದೇನು ಮಹಾ ಅನ್ನಿಸಿತು.

ನಾಲ್ಕು ಮಿಲಿಮೀಟರ್ ದಪ್ಪದ ಮರದ ಸ್ಕ್ರೂ ಒಂದು ಸುತ್ತಿಗೆ ಹೆಚ್ಚುಕಮ್ಮಿ 2 ಮಿ.ಮೀ. ಒಳಗಿಳಿಯುತ್ತದೆ. ಉದ್ದ 40 ಮಿ.ಮೀ. ಇದ್ದರೆ 20 ಸುತ್ತು. ನಮ್ಮ ಮಣಿಕಟ್ಟು ಒಂದು ಸಲಕ್ಕೆ ತಿರುಗುವುದು ಅರ್ಧ ಸುತ್ತು, ಹಾಗಾಗಿ ಒಂದು ಸ್ಕ್ರೂಗೆ 40 ಸಲ ತಿರುಚಬೇಕು. 24 ಸ್ಕ್ರೂಗೆ 960 ಸಲ! ಅದೂ ಹಾಕುವ ಲೆಕ್ಕ ಮಾತ್ರ, ಬಿಚ್ಚಿದ್ದು ಬೇರೆ. ಹನ್ನೊಂದನೇ ಸ್ಕ್ರೂ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನಿಮಿಷಕ್ಕೆ 200 ಸುತ್ತು ತಿರುಗುವ ಎಲೆಕ್ಟ್ರಿಕ್ ಸ್ಕ್ರೂಡ್ರೈವರ್ ಆ 20 ಸುತ್ತನ್ನು ಆರು ಸೆಕೆಂಡಿನಲ್ಲಿ ಮುಗಿಸುತ್ತದೆ. ಅವತ್ತೇ ರಾತ್ರಿ ಮೊಬೈಲ್ ಹಿಡಿದು ಹುಡುಕಲು ಕೂತೆ.

ಕಮ್ಮಿ ರೇಟಿನದ್ದನ್ನೇ ತರಿಸಿದೆ. ಬಾಕ್ಸಿನಲ್ಲಿ ನಲವತ್ತಕ್ಕೂ ಜಾಸ್ತಿ ಬಿಟ್‌ಗಳು (ಮಷೀನಿನ ಮೂತಿಗೆ ಸಿಕ್ಕಿಸಿ ಸ್ಕ್ರೂ ತಿರುಗಿಸುವ ಉಕ್ಕಿನ ತುದಿಗಳು), ಮೇಲೊಂದು ಟಾರ್ಚು. ಉತ್ಸಾಹದಲ್ಲಿ ಮೊದಲು ಕೈ ಹಾಕಿದ್ದು ಹಾಲ್‌ನ ಸ್ವಿಚ್‌ಬೋರ್ಡಿಗೆ. ಮೇನ್ ಆಫ್ ಮಾಡಿದ್ದೆ, ಅದೊಂದು ಪುಣ್ಯ. ಸ್ಕ್ರೂ ಕೊನೆ ಮುಟ್ಟಿತು, ಬಟನ್ನಿನಿಂದ ಬೆರಳು ತೆಗೆಯೋದು ಅರೆಕ್ಷಣ ತಡವಾಯಿತು, 'ಟಕ್' ಅಂತ ಸದ್ದು. ನೋಡಿದರೆ ಬಿಳಿ ಪ್ಲೇಟಿನ ಮೂಲೆಯಿಂದ ಕೂದಲೆಳೆಯಂಥ ಒಂದು ಬಿರುಕು ನಡುವಿನ ತನಕ ಓಡಿತ್ತು.

ಆ ಮಷೀನಿನಲ್ಲಿ ಕ್ಲಚ್ ಇರಲಿಲ್ಲ. ಕ್ಲಚ್ ಅಂದರೆ ಮೂತಿಯ ಹತ್ತಿರ 1, 2, 3 ಅಂತ ನಂಬರ್ ಬರೆದಿರುವ ಬಳೆ. ಒಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಬಳೆ ತಿರುಗಿಸಿದಷ್ಟೂ ಅದು ಬಿಗಿಯಾಗುತ್ತದೆ. ಸ್ಕ್ರೂ ಅಷ್ಟು ಬಿಗಿ ಆಯಿತೋ, ಕ್ಲಚ್ ಕಟಕಟ ಅಂತ ಜಾರುತ್ತದೆ. ಮೋಟಾರ್ ತಿರುಗುತ್ತಿದ್ದರೂ ಬಿಟ್ ನಿಲ್ಲುತ್ತದೆ. ಮನೆಯಲ್ಲಿ ಪ್ಲಾಸ್ಟಿಕ್ ಕೆಲಸವೇ ಜಾಸ್ತಿ ಅಲ್ವಾ, ಸ್ವಿಚ್ ಪ್ಲೇಟು, ಮಕ್ಕಳ ಆಟಿಕೆ, ಕೂಲರ್ ಜಾಲರಿ. ಅಲ್ಲೆಲ್ಲ ಶಕ್ತಿಗಿಂತ ಎಲ್ಲಿ ನಿಲ್ಲಬೇಕು ಅನ್ನುವ ಬುದ್ಧಿ ಮುಖ್ಯ. ದುಡ್ಡು ಕಮ್ಮಿ ಇದ್ದರೆ ಟಾರ್ಚ್ ಬಿಡಿ, ನಲವತ್ತು ಬಿಟ್‌ಗಳನ್ನೂ ಬಿಡಿ, ಕ್ಲಚ್ ಮಾತ್ರ ಬಿಡಬೇಡಿ.

ಇನ್ನು ಶಕ್ತಿ. ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ವೋಲ್ಟ್ ಬರೆದಿರುತ್ತಾರೆ. ನೀವು ಹುಡುಕಬೇಕಾದ್ದು ಸಣ್ಣಕ್ಷರದಲ್ಲಿರುವ ಟಾರ್ಕ್, ಅಂದರೆ ತಿರುಚುವ ಬಲ. ಅದರ ಅಳತೆ ನ್ಯೂಟನ್ ಮೀಟರ್. ಹತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ಅಡ್ಡ ಹಿಡಿದು ತುದಿಗೆ ಒಂದು ಕೆಜಿ ಸಕ್ಕರೆ ತೂಗುಹಾಕಿ. (ಊರಿನ ಮರ್ಯಾದೆಗೆ ಮಂಡಕ್ಕಿ ಅನ್ನಬೇಕಿತ್ತು, ಆದರೆ ಒಂದು ಕೆಜಿ ಮಂಡಕ್ಕಿ ಅಂದರೆ ಚೀಲವೇ ಆಗುತ್ತದೆ.) ಆ ಸ್ಪ್ಯಾನರ್ ಬುಡದಲ್ಲಿ ಆಗುವ ತಿರುಚು ಹತ್ತಿರಹತ್ತಿರ 1 ನ್ಯೂಟನ್ ಮೀಟರ್. ಮನೆಗೆ ಸಾಕಾಗುವ ಸಣ್ಣ ಮಷೀನುಗಳು 3ರಿಂದ 5 ಕೊಡುತ್ತವೆ. ದಪ್ಪ ಹಿಡಿಯ ಸ್ಕ್ರೂಡ್ರೈವರ್ ಹಿಡಿದು ನಾವು ಹಲ್ಲು ಕಚ್ಚಿ ತಿರುಗಿಸಿದರೆ ಬರುವುದೂ ಅಷ್ಟೇ. ಅಂದರೆ ಈ ಮಷೀನು ನಿಮಗಿಂತ ಭೀಮ ಏನಲ್ಲ, ಆದರೆ ದಣಿಯುವುದಿಲ್ಲ. ಒಂದು ಹುಷಾರಿ: ಟಾರ್ಕ್ ಎರಡು ಥರ ಬರೆಯುತ್ತಾರೆ. ಸ್ಕ್ರೂ ಗಟ್ಟಿ ಲೋಹಕ್ಕೆ ಬಡಿದು ನಿಲ್ಲುವ ಗಳಿಗೆಯಲ್ಲಿ ಬರುವ ದೊಡ್ಡ ಅಂಕಿ ಒಂದು, ಮರದಲ್ಲಿ ಇಳಿಯುತ್ತಿರುವಾಗ ಸಿಗುವ ಚಿಕ್ಕ ಅಂಕಿ ಇನ್ನೊಂದು. ಒಂದೇ ಅಂಕಿ ಇದ್ದರೆ ಅದು ದೊಡ್ಡದೇ ಅಂತ ತಿಳಿಯಿರಿ.

ಅಂಗೈಯಷ್ಟು ಮಷೀನಿಗೆ ಈ ಬಲ ಬರುವುದು ಗೇರಿನಿಂದ. ಒಳಗಿನ ಪುಟ್ಟ ಮೋಟಾರ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಆದರೆ ಬೆರಳಲ್ಲಿ ಹಿಡಿದರೆ ನಿಂತುಬಿಡುತ್ತದೆ. ನಡುವೆ ಒಂದು ಹಲ್ಲಿನ ಚಕ್ರ, ಅದರ ಸುತ್ತ ಮೂರು ಸಣ್ಣ ಚಕ್ರ, ಹೀಗೆ ಎರಡು ಮೂರು ಅಂತಸ್ತು ಇಟ್ಟು ಆ ವೇಗವನ್ನು ಇನ್ನೂರಕ್ಕೆ ಇಳಿಸುತ್ತಾರೆ. ವೇಗ ಇಳಿದಷ್ಟು ಬಲ ಏರುತ್ತದೆ. ಭತ್ತದ ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರ್ ಲೋ ಗೇರಿಗೆ ಬಂದ ಹಾಗೆ.

ವೋಲ್ಟಿನ ಜಂಭದ ಬಗ್ಗೆ ಒಂದು ಮಾತು. ಒಂದು ಲಿಥಿಯಂ ಅಯಾನ್ ಸೆಲ್ಲು ಸಾಮಾನ್ಯವಾಗಿ 3.6 ವೋಲ್ಟ್, ಫುಲ್ ಚಾರ್ಜಿನಲ್ಲಿ 4.2. ಐದು ಸೆಲ್ ಸೇರಿದರೆ 18, ಫುಲ್ ಚಾರ್ಜಿನಲ್ಲಿ 21. ಅಂದರೆ 18 ಅಂತ ಬರೆದದ್ದೂ 21 ಅಂತ ಬರೆದದ್ದೂ ಒಂದೇ ಬ್ಯಾಟರಿ ಇರಬಹುದು. ಐದು ಸೆಲ್ಲಿನ ಮಷೀನಿಗೆ 48 ಅಂತ ಬರೆದಿದ್ದರೆ ಅದನ್ನು ಹೆಸರು ಅಂದುಕೊಳ್ಳಿ, ವೋಲ್ಟ್ ಅಂದುಕೊಳ್ಳಬೇಡಿ. ಮನೆಯ ಸಣ್ಣಪುಟ್ಟ ಕೆಲಸಕ್ಕೆ ಒಂದೇ ಸೆಲ್ಲಿನ 3.6 ವೋಲ್ಟ್ ಸಾಕು. ಅದರಲ್ಲಿ 1.5 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಇದ್ದರೆ ಸುಮಾರು 19 ಸಾವಿರ ಜೌಲ್ ಶಕ್ತಿ. ಒಂದು ಸ್ಕ್ರೂಗೆ ಸರಾಸರಿ 1 ನ್ಯೂಟನ್ ಮೀಟರ್ ಬಲದಲ್ಲಿ 20 ಸುತ್ತು ಅಂದರೆ 126 ಜೌಲ್. ಅಷ್ಟೇ ಇನ್ನೊಂದು ಪಾಲು ಬಿಸಿಯಾಗಿ ಹಾಳಾಗುತ್ತದೆ ಅಂತ ಹಿಡಿದರೂ ಒಂದು ಚಾರ್ಜಿಗೆ ಎಪ್ಪತ್ತಕ್ಕೂ ಜಾಸ್ತಿ ಸ್ಕ್ರೂ. ನನ್ನ ಬಾಗಿಲಿಗೆ ಮೂರು ಪಟ್ಟು.

ಎರಡನೇ ಸಲ ಕ್ಲಚ್ ಇರುವುದನ್ನು ತಂದೆ. ಆದರೂ ಬಾಗಿಲಿನ ಮೇಲೆ ಬಿಟ್ 'ಗರ್ರ್' ಅಂತ ಜಾರಿ ಸ್ಕ್ರೂ ತಲೆ ಸವೆಯಿತು. ಪಕ್ಕದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಬಡಗಿ ನೋಡಿ ನಕ್ಕರು. "ಮಷೀನು ತಿರುಗಿಸ್ತೈತಿ ರೀ ಸರ, ಒತ್ತೋರು ನೀವಾ." ಪ್ಲಸ್ ಸ್ಕ್ರೂನ ಗುಟ್ಟೇ ಅದು. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಈ ತಲೆಯ ಗುಳಿ ಕೆಳಗೆ ಹೋದಂತೆ ಕಿರಿದಾಗುತ್ತದೆ. ಗೋಡೆ ಓರೆ ಇರುವುದರಿಂದ ತಿರುಚುವ ಬಲದ ಒಂದು ಪಾಲು ಬಿಟ್ಟನ್ನು ಹೊರಗೆ ತಳ್ಳುತ್ತದೆ. ಅಷ್ಟನ್ನು ನೀವು ಹಿಂದಿನಿಂದ ಒತ್ತಿ ಸರಿದೂಗಿಸಬೇಕು. ಬಿಟ್ ಕೂಡ ಅಳತೆಗೆ ಸರಿ ಇರಬೇಕು. ಬಿಜಾಗ್ರಿಗೆ ಸಾಮಾನ್ಯವಾಗಿ ಪಿಎಚ್2 (ಪಿಎಚ್ ಅಂದರೆ ಫಿಲಿಪ್ಸ್, 2 ಅನ್ನೋದು ಅಳತೆಯ ನಂಬರ್). ಸಣ್ಣ ಸ್ಕ್ರೂಗೆ ಪಿಎಚ್1. ಅಡುಗೆಮನೆ ಕಪಾಟಿನ ಹಿಂಜಸ್ ಸ್ಕ್ರೂನಲ್ಲಿ ಪ್ಲಸ್ ಗುರುತಿನ ನಡುವೆ ತೆಳ್ಳನೆ ಗೀರು ಕಂಡರೆ ಅದು ಪೋಜಿಡ್ರಿವ್, ಅದಕ್ಕೆ ಪಿಜೆಡ್2 ಬೇರೆಯೇ ಇದೆ. ಈ ಮೂರು ಬಿಟ್‌ಗಳು ಒಳ್ಳೆ ಉಕ್ಕಿನವು ಇದ್ದರೆ ಮನೆಯ ಮುಕ್ಕಾಲು ಕೆಲಸ ಆಯಿತು. ಬಿಟ್ಟಿನ ಬುಡ 6.35 ಮಿ.ಮೀ.ನ ಆರುಮೂಲೆ ಇರಲಿ, ಬೇರೆ ಬಿಟ್‌ಗಳು ಎಲ್ಲಿ ಬೇಕಾದರೂ ಸಿಗುತ್ತವೆ.

ಬಡಗಿ ಇನ್ನೂ ಎರಡು ಹೇಳಿಕೊಟ್ಟರು. ಸಡಿಲಾದ ಹಳೆ ತೂತಿಗೆ ಫೆವಿಕಾಲ್ ಹಚ್ಚಿದ ಬೆಂಕಿಕಡ್ಡಿ ತುರುಕಿ ಒಣಗಲು ಬಿಡುವುದು. ಹೊಸ ಜಾಗವಾದರೆ ಎರಡೂವರೆ ಮಿಲಿಮೀಟರ್ ತೂತು ಮೊದಲೇ ಕೊರೆದು, ಸ್ಕ್ರೂಗೆ ಮೇಣದಬತ್ತಿ ಉಜ್ಜಿ ಬಿಡುವುದು. ಉಜ್ಜಾಟ ಕಮ್ಮಿಯಾದರೆ 4 ನ್ಯೂಟನ್ ಮೀಟರಿನ ಮಷೀನೇ ಜಾಸ್ತಿ ಅನ್ನಿಸುತ್ತದೆ. ಗೋಡೆ ಕೊರೆಯಲು ಮಾತ್ರ ಇದು ಬರುವುದಿಲ್ಲ. ಅದಕ್ಕೆ ಕುಟ್ಟುವ ಡ್ರಿಲ್ಲೇ ಬೇಕು, ವರ್ಷಕ್ಕೆರಡು ತೂತಿಗೆ ಎಲೆಕ್ಟ್ರಿಷಿಯನ್ ಕರೆಸೋದೇ ಅಗ್ಗ.

ಬ್ಯಾಟರಿಗೆ ನಮ್ಮೂರ ಏಪ್ರಿಲ್ ಬಿಸಿಲು ಆಗಿಬರುವುದಿಲ್ಲ. ಶೀಟಿನ ಕೆಳಗಿನ ಅಟ್ಟ, ಸ್ಕೂಟರ್ ಡಿಕ್ಕಿ ಬೇಡ. ಪೂರ್ತಿ ಖಾಲಿ ಮಾಡಿ ವರ್ಷಗಟ್ಟಲೆ ಇಟ್ಟರೂ ಸೆಲ್ಲು ಸಾಯುತ್ತದೆ. ನಾನು ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ನೆನಪಿಟ್ಟು ಚಾರ್ಜ್ ಮಾಡುತ್ತೇನೆ. ಹೋದ ಪೂಜೆಗೆ ನಮ್ಮಮ್ಮ ಬಿಟ್ ಕೂರಿಸುವ ಬಾಯಿಗೇ ಕುಂಕುಮ ಇಟ್ಟಿದ್ದರು. ಈಗಲೂ ಬಿಟ್ ಬದಲಿಸಿದಾಗೆಲ್ಲ ಬೆರಳು ಕೆಂಪು.