ಮುನ್ನಂದಾಜು ತಿದ್ದುವ ಮೊದಲು ಲೀಡ್ ಟೈಮ್ ಅಳೆಯಿರಿ

ಗೋದಾಮಿನಲ್ಲಿ ಒಂದು ಕಡೆ ಸರಕು ರಾಶಿ ಬಿದ್ದಿರುತ್ತದೆ, ಇನ್ನೊಂದು ಕಡೆ ಬೇಕಾದ ಐಟಂ ಖಾಲಿ. ಇಂಥ ದೂರು ಬಂದಾಗಲೆಲ್ಲ ಮೊದಲು ಬೈಸಿಕೊಳ್ಳುವುದು ಬೇಡಿಕೆಯ ಮುನ್ನಂದಾಜು. ಹೊಸ ಸಾಫ್ಟ್‌ವೇರ್ ಕೊಳ್ಳುವ ಮಾತೂ ಅಲ್ಲೇ ಶುರುವಾಗುತ್ತದೆ. ಆ ಖರ್ಚಿಗೆ ಕೈಹಾಕುವ ಮೊದಲು ಸೇಫ್ಟಿ ಸ್ಟಾಕ್‌ನ (ಏರುಪೇರಿಗೆಂದು ಕೈಯಲ್ಲಿಟ್ಟುಕೊಳ್ಳುವ ಹೆಚ್ಚುವರಿ ಸರಕಿನ) ಹಳೆಯ ಸೂತ್ರವನ್ನೇ ಸ್ಪ್ರೆಡ್‌ಶೀಟಿನಲ್ಲಿ ಬಿಡಿಸಿ ನೋಡಿ.

ಒಂದು ಐಟಂ ದಿನಕ್ಕೆ ಸರಾಸರಿ 40 ಖರ್ಚಾಗುತ್ತದೆ, ಮಾನಕ ವಿಚಲನೆ (ಸರಾಸರಿಯಿಂದ ಏರಿಳಿಯುವ ಪ್ರಮಾಣದ ಅಳತೆ) 12. ಆರ್ಡರ್ ಹಾಕಿದ ಮೇಲೆ ಸರಕು ಬರಲು ಹಿಡಿಯುವ ಸಮಯ, ಅಂದರೆ ಲೀಡ್ ಟೈಮ್, ಸರಾಸರಿ 9 ದಿನ, ಅದರ ಮಾನಕ ವಿಚಲನೆ 3 ದಿನ ಎಂದಿಟ್ಟುಕೊಳ್ಳಿ. ಬೇಡಿಕೆಯ ಏರಿಳಿತದ ಪಾಲು 9 × 12², ಅಂದರೆ 1,296. ಲೀಡ್ ಟೈಮಿನ ಪಾಲು 40² × 3², ಅಂದರೆ 14,400. ಎರಡನ್ನೂ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 125.3. ನೂರು ಆರ್ಡರ್ ಚಕ್ರಗಳಲ್ಲಿ 95ರಲ್ಲಿ ಸರಕು ತೀರಬಾರದೆಂದರೆ ಇದನ್ನು ನಾರ್ಮಲ್ ವಿತರಣೆಯ ಕೋಷ್ಟಕ ಕೊಡುವ 1.645ರಿಂದ ಗುಣಿಸಬೇಕು. ಸೇಫ್ಟಿ ಸ್ಟಾಕ್ 206; ರೀಆರ್ಡರ್ ಪಾಯಿಂಟ್, ಅಂದರೆ ಸ್ಟಾಕ್ ಎಷ್ಟಕ್ಕೆ ಇಳಿದಾಗ ಮತ್ತೆ ಆರ್ಡರ್ ಹಾಕಬೇಕೋ ಆ ಮಟ್ಟ, 9 ದಿನದ ಬೇಡಿಕೆ 360 + 206 = 566.

ಈಗ ಮುನ್ನಂದಾಜಿನ ತಂಡ ಹಗಲು ರಾತ್ರಿ ದುಡಿದು 12ನ್ನು 6ಕ್ಕೆ ಇಳಿಸಿತು ಅನ್ನಿ. ಸೇಫ್ಟಿ ಸ್ಟಾಕ್ 200. ಉಳಿದದ್ದು ಬರೀ ಆರು! ಅದರ ಬದಲು ಪೂರೈಕೆದಾರರ ಏರುಪೇರು 3 ದಿನದಿಂದ ಒಂದೂವರೆಗೆ ಇಳಿದರೆ 115 ಸಾಕು. ಇನ್ನೂ ಸೋಜಿಗದ ಸಂಗತಿ: 11 ದಿನ ತೆಗೆದುಕೊಂಡರೂ ಏರುಪೇರು 1 ದಿನ ಮೀರದ ಪೂರೈಕೆದಾರರಾದರೆ 93ರಲ್ಲೇ ಕೆಲಸ ನಡೆಯುತ್ತದೆ. ದಾರಿಯಲ್ಲಿರುವ ಸರಕಿನ ಹಣ ನಿಮ್ಮದೇ ಆಗಿದ್ದರೆ ಎರಡು ಹೆಚ್ಚುವರಿ ದಿನಕ್ಕೆ 80 ಘಟಕ ಸೇರಿಸಿಕೊಳ್ಳಿ. ಆಗಲೂ ಲೆಕ್ಕ ನಿಮ್ಮ ಕಡೆಗೇ ವಾಲುತ್ತದೆ. ಬೇಗ ಕೊಡಿ ಎಂದು ಪೂರೈಕೆದಾರರ ಬೆನ್ನು ಹತ್ತುವವರು, ಹೇಳಿದ ದಿನಕ್ಕೆ ಕೊಡಿ ಎಂದು ಕೇಳುವುದು ಕಡಿಮೆ.

ಸೂತ್ರ ಸರಿಯಿದ್ದೂ ಉತ್ತರ ತಪ್ಪುವುದು ದತ್ತಾಂಶದಲ್ಲಿ. ಒಪ್ಪಂದದಲ್ಲಿ ಬರೆದ ದಿನಗಳು ಲೀಡ್ ಟೈಮ್ ಅಲ್ಲ. ಆರ್ಡರ್ ಹೊರಟ ದಿನದಿಂದ, ತಪಾಸಣೆ ಮುಗಿದು ಸರಕು ರ‍್ಯಾಕಿಗೆ ಏರಿದ ದಿನದವರೆಗೆ ಎಣಿಸಿ. ರಸೀದಿಗಳನ್ನು ತಿಂಗಳ ಕೊನೆಗೆ ಒಟ್ಟಿಗೆ ನಮೂದಿಸುವ ಅಭ್ಯಾಸವಿದ್ದರೆ ನೀವು ಅಳೆಯುತ್ತಿರುವುದು ಗುಮಾಸ್ತರ ಬಿಡುವನ್ನು, ಸರಬರಾಜನ್ನಲ್ಲ. ಸ್ಟಾಕ್ ಇಲ್ಲದ ದಿನದ ಶೂನ್ಯ ಮಾರಾಟವನ್ನು ಶೂನ್ಯ ಬೇಡಿಕೆ ಎಂದು ಹಿಡಿಯಬೇಡಿ. ಆ ದಿನಗಳನ್ನು ಲೆಕ್ಕದಿಂದ ಬಿಡಿ. ತಿಂಗಳ ಮಾನಕ ವಿಚಲನೆಯಿಂದ ದಿನದ್ದನ್ನು ಪಡೆಯಲು 30ರ ವರ್ಗಮೂಲದಿಂದ, ಅಂದರೆ ಸುಮಾರು 5.5ರಿಂದ ಭಾಗಿಸಬೇಕು. ನೇರ 30ರಿಂದ ಭಾಗಿಸಿದ ಶೀಟುಗಳಿಗೆ ಲೆಕ್ಕವಿಲ್ಲ. ವಾರಕ್ಕೊಮ್ಮೆ ಮಾತ್ರ ಆರ್ಡರ್ ಹಾಕುವುದಾದರೆ ಬೇಡಿಕೆಯ ಪಾಲಿನಲ್ಲಿ 9ರ ಬದಲು 9 + 7 = 16 ದಿನ ಹಾಕಿ.

ಇನ್ನೊಂದು ಗೊಂದಲ '95 ಶೇಕಡಾ ಸೇವೆ' ಎಂಬ ಮಾತಿನದು. ಮೇಲಿನ 206 ಬಂದದ್ದು ಆರ್ಡರ್ ಚಕ್ರಗಳ ಲೆಕ್ಕದಿಂದ. ಪ್ರತಿ ಸಲ 400 ತರಿಸುತ್ತಿದ್ದರೆ ಆ ಸ್ಟಾಕಿನಲ್ಲಿ ಒಂದು ಚಕ್ರಕ್ಕೆ ಸರಾಸರಿ ಎರಡೂವರೆ ಘಟಕ ಮಾತ್ರ ಕೊರತೆ ಬೀಳುತ್ತದೆ. ಗ್ರಾಹಕರು ಕೇಳಿದ ಸರಕಿನಲ್ಲಿ 99 ಶೇಕಡಾಕ್ಕೂ ಮಿಕ್ಕಿ ಕೈಗೆ ಸಿಗುತ್ತದೆ. ಆಡಳಿತದವರ ಮನಸ್ಸಿನಲ್ಲಿದ್ದದ್ದು 'ಕೇಳಿದ ನೂರರಲ್ಲಿ 95 ಕೊಡಬೇಕು' ಎಂಬುದಾದರೆ ಸುಮಾರು 79 ಸಾಕಿತ್ತು. ಗುರಿಯನ್ನು ಯಾವ ಅರ್ಥದಲ್ಲಿ ಇಟ್ಟಿದ್ದೀರಿ ಎಂದು ಬರೆಸಿಕೊಂಡೇ ಮುಂದುವರಿಯಿರಿ.

ಎಷ್ಟು ತರಿಸಬೇಕು ಎಂಬುದಕ್ಕೆ 1913ರ ಹ್ಯಾರಿಸ್ ಸೂತ್ರವಿದೆ; ಆರ್ಡರ್ ಮತ್ತು ಸಂಗ್ರಹಣೆಯ ಒಟ್ಟು ವೆಚ್ಚ ಕನಿಷ್ಠವಾಗುವ ಪ್ರಮಾಣವನ್ನು ಅದು ಹೇಳುತ್ತದೆ. ಅದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಹೆಚ್ಚಿಲ್ಲ. ಅದು ಹೇಳಿದ್ದಕ್ಕಿಂತ ಅರ್ಧಪಟ್ಟು ಜಾಸ್ತಿ ತರಿಸಿದರೂ ಆರ್ಡರ್ ಮತ್ತು ಸಂಗ್ರಹಣೆಯ ಒಟ್ಟು ವೆಚ್ಚ ಏರುವುದು 8.3 ಶೇಕಡಾ ಅಷ್ಟೇ. ಪ್ಯಾಲೆಟ್ ತುಂಬುವಷ್ಟಕ್ಕೆ ದುಂಡುಮಾಡಿ ಬಿಡಿ.

ತಿಂಗಳಿಗೆ ಒಂದೆರಡು ಮಾತ್ರ ಹೋಗುವ ಬಿಡಿಭಾಗಗಳನ್ನು ಈ ಲೆಕ್ಕಕ್ಕೆ ಎಳೆಯಬೇಡಿ. ಅಲ್ಲಿ 1.645 ನಂಬಿಕೆಗೆ ಯೋಗ್ಯವಲ್ಲ. ಅಪರೂಪಕ್ಕೆ ಬರುವ ಬೇಡಿಕೆಯ ಸಂಭವನೀಯತೆ ತೋರಿಸುವ ಪಾಯ್ಸಾನ್ ಕೋಷ್ಟಕ ಬಳಸಿ. ಲೀಡ್ ಟೈಮ್ ಸಾಮಾನ್ಯವಾಗಿ 8 ದಿನವಿದ್ದು ಅಪರೂಪಕ್ಕೆ 25 ಆಗುವ ಐಟಂಗಳಿಗೆ ಯಾವ ಕೋಷ್ಟಕವೂ ಬೇಡ. ಹಳೆಯ ದಾಖಲೆಯಿಂದಲೇ ಲೀಡ್ ಟೈಮನ್ನೂ ಅಷ್ಟು ದಿನಗಳ ಬೇಡಿಕೆಯನ್ನೂ ಯಾದೃಚ್ಛಿಕವಾಗಿ ಎತ್ತಿಕೊಂಡು, ಸಾವಿರ ಸಲ ಕೂಡಿಸಿ, ಏರಿಕೆಯ ಕ್ರಮದಲ್ಲಿ ಜೋಡಿಸಿ. 950ನೇ ಸಾಲಿನಲ್ಲಿರುವ ಸಂಖ್ಯೆಯೇ ನಿಮ್ಮ ರೀಆರ್ಡರ್ ಪಾಯಿಂಟ್.